ಥೆರಾಕ್-೨೫ ಯಂತ್ರದ ವೃತ್ತಾಂತ

ಉಪಕರಣವನ್ನು ನಿರ್ಮಿಸುವವನ ಅರಿವು ಬೇರೆ. ಅದನ್ನು ಹಿಡಿದು ದಿನವೂ ದುಡಿಯುವವನ ಅರಿವು ಬೇರೆ. ಇವೆರಡರ ನಡುವಣ ಅಂತರವು ಸಾಮಾನ್ಯವಾಗಿ ಬೇಸರಕ್ಕೂ ಕಾಲಹರಣಕ್ಕೂ ಕಾರಣವಾಗುವುದು. ಆದರೆ ಕಂಪ್ಯೂಟರಿನ ಚರಿತ್ರೆಯಲ್ಲಿ ಅದು ಪ್ರಾಣಹಾನಿಗೆ ಕಾರಣವಾದ ಪ್ರಸಂಗವೂ ಉಂಟು.

ಅರ್ಬುದರೋಗದ ಚಿಕಿತ್ಸೆಗಾಗಿ ಕೆನಡಾ ದೇಶದ ಸರ್ಕಾರಿ ಸಂಸ್ಥೆಯಾದ ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್ ಥೆರಾಕ್-೨೫ ಎಂಬ ಯಂತ್ರವನ್ನು ನಿರ್ಮಿಸಿತು. ಅದೊಂದರಿಂದಲೇ ಎಲೆಕ್ಟ್ರಾನ್ ಕಿರಣಗಳನ್ನೂ ಎಕ್ಸ್-ಕಿರಣಗಳನ್ನೂ ಪಡೆಯಬಹುದಾಗಿದ್ದಿತು. ಹಿಂದಿನ ಥೆರಾಕ್-೨೦ ಯಂತ್ರದಲ್ಲಿ ಕಂಪ್ಯೂಟರನ್ನು ನೆಚ್ಚದೆ ತಾವೇ ಅಪಾಯವನ್ನು ತಡೆಯುವ ಏರ್ಪಾಡುಗಳಿದ್ದುವು. ಹೊಸದರಲ್ಲಿ ಅವನ್ನು ಕೈಬಿಟ್ಟು, ರಕ್ಷಣೆಯ ಭಾರವನ್ನು ಬಹುಮಟ್ಟಿಗೆ ಪ್ರೋಗ್ರಾಮಿನ ಮೇಲೆಯೇ ಹೊರಿಸಲಾಯಿತು. ಇಂತಹ ಹನ್ನೊಂದು ಯಂತ್ರಗಳು ಅಮೆರಿಕ, ಕೆನಡಾಗಳ ಆಸ್ಪತ್ರೆಗಳನ್ನು ಸೇರಿದುವು.

ವಿವರಗಳನ್ನು ತುಂಬಲು ಬಹಳ ಹೊತ್ತು ಹಿಡಿಯುವುದೆಂದು ಚಾಲಕರು ದೂರಿದ್ದರಿಂದ, ನಿರ್ಮಾಪಕರು ಆ ಕೆಲಸವನ್ನು ಸುಲಭಗೊಳಿಸಿದ್ದರು. ಹೀಗೆ ಕೈಗೆ ವೇಗ ಬಂದಿತು. ಆ ವೇಗದ ಪರಿಣಾಮವೇನೆಂಬುದನ್ನು ಪ್ರೋಗ್ರಾಮು ಎಣಿಸಿರಲಿಲ್ಲ.

೧೯೮೬ನೆಯ ಮಾರ್ಚಿ ೨೧ರಂದು ಟೆಕ್ಸಸ್ ಪ್ರಾಂತದ ಟೈಲರ್ ಪಟ್ಟಣದ ಆಸ್ಪತ್ರೆಯಲ್ಲಿ, ಚಾಲಕಿಯು ಎಲೆಕ್ಟ್ರಾನಿನ ಅಕ್ಷರಕ್ಕೆ ಬದಲಾಗಿ ಎಕ್ಸ್-ಕಿರಣದ ಅಕ್ಷರವನ್ನು ಒತ್ತಿದಳು. ಕೂಡಲೆ ತಪ್ಪನ್ನು ಕಂಡು ತಿದ್ದಿದಳು. ತೆರೆಯ ಮೇಲೆಯೂ ತಿದ್ದಿದ ಅಕ್ಷರವೇ ತೋರಿತು. ಆದರೆ ಯಂತ್ರವು ತನ್ನ ಅಯಸ್ಕಾಂತಗಳನ್ನು ಅಣಿಗೊಳಿಸುವ ಸುಮಾರು ೮ ಸೆಕೆಂಡುಗಳೊಳಗೆ ನಡೆದ ತಿದ್ದುಪಡಿಯನ್ನು ಪ್ರೋಗ್ರಾಮು ಗಮನಿಸಲಿಲ್ಲ. ಕಿರಣವು ಹಾಯಿತು, ‘ದೋಷ ೫೪’ ಎಂಬ ಸೂಚನೆ ಮೂಡಿತು. ಅದರ ಅರ್ಥವನ್ನು ಚಾಲಕರ ಕೈಪಿಡಿಯು ವಿವರಿಸಿರಲಿಲ್ಲ. ಇಂತಹ ಸೂಚನೆಗಳು ಪದೇ ಪದೇ ಬರುತ್ತಿದ್ದುದರಿಂದ, ರೂಢಿಯಂತೆ ಆಕೆ ಮುಂದುವರಿಸುವ ಕೀಲಿಯನ್ನೊತ್ತಿದಳು. ಒಳಗಿನ ರೋಗಿಯ ದನಿಯನ್ನು ಕೇಳಿಸಬೇಕಾದ ಸಾಧನವು ಅಂದು ಕೆಟ್ಟಿದ್ದಿತು. ೧೮೦ ರ‍್ಯಾಡ್ ಪ್ರಮಾಣವು ದೊರೆಯಬೇಕಾಗಿದ್ದ ಆತನಿಗೆ ೧೬,೫೦೦ರಿಂದ ೨೫,೦೦೦ ರ‍್ಯಾಡ್ ತಗುಲಿದ್ದಿತೆಂದು ಮುಂದೆ ಅಂದಾಜು ಮಾಡಲಾಯಿತು. ತೆರೆಯಾದರೋ ಪ್ರಮಾಣವು ಕಡಿಮೆಯಾಯಿತೆಂದೇ ಹೇಳುತ್ತಿದ್ದಿತು. ಕೆಲವು ತಿಂಗಳುಗಳಲ್ಲಿ ಆತನು ಮೃತನಾದನು.

ಸಂಸ್ಥೆಯವರು ಬಂದು ಪರೀಕ್ಷಿಸಿದರು, ದೋಷವು ಕಾಣಿಸಿಕೊಳ್ಳಲಿಲ್ಲ. ಏಪ್ರಿಲ್ ೧೧ರಂದು ಅಲ್ಲಿಯೇ ಮತ್ತೊಬ್ಬ ರೋಗಿಗೆ ಅದೇ ಗತಿಯಾಯಿತು. ಆಗ ಆಸ್ಪತ್ರೆಯ ಭೌತಶಾಸ್ತ್ರಜ್ಞನೂ ಅದೇ ಚಾಲಕಿಯೂ ಯಂತ್ರದ ಮುಂದೆ ಕುಳಿತು, ಆಕೆಯ ನೆನಪಿನಂತೆ ಕೀಲಿಗಳನ್ನು ಮತ್ತೆ ಮತ್ತೆ ಒತ್ತಿ, ೫೪ನ್ನು ಬೇಕೆಂದಾಗ ಬರಿಸುವುದನ್ನು ಕಂಡುಕೊಂಡರು. ಬೇಗ ಒತ್ತಬೇಕೆಂದು ತಿಳಿಸಿದ ಮೇಲೆಯೇ ನಿರ್ಮಾಪಕರಿಗೂ ಅದು ಸಾಧ್ಯವಾಯಿತು. ಪರೀಕ್ಷಕನ ನಿಧಾನವಾದ ಕೈಗೆ ಮರೆಯಾಗಿದ್ದುದು ದುಡಿಮೆಯಲ್ಲಿ ಪಳಗಿದ ಕೈಗೆ ಸಿಕ್ಕಿತು.

೧೯೮೫ರ ಜೂನಿನಿಂದ ೧೯೮೭ರ ಜನವರಿಯವರೆಗೆ ಈ ಯಂತ್ರಗಳಿಂದ ಆರು ಮಂದಿ ರೋಗಿಗಳು ಅತಿಪ್ರಮಾಣದ ಕಿರಣಕ್ಕೆ ತುತ್ತಾದರು. ಕಾರಣಗಳು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಬಳಿಕ ಕಂಪ್ಯೂಟರಿಗೆ ಅಧೀನವಲ್ಲದ ತಡೆಗಳನ್ನು ಅಳವಡಿಸಿ, ಸೂಚನೆಗಳನ್ನು ಅರ್ಥವಾಗುವಂತೆ ಬದಲಾಯಿಸಲಾಯಿತು. ೧೯೯೩ರಲ್ಲಿ ನ್ಯಾನ್ಸಿ ಲೆವ್ಸನ್ ಮತ್ತು ಕ್ಲಾರ್ಕ್ ಟರ್ನರ್ ಇದರ ಸವಿಸ್ತಾರವಾದ ವಿಮರ್ಶೆಯನ್ನು ಪ್ರಕಟಿಸಿದರು.

ಕೀಲಿಯನ್ನೊತ್ತಿದವಳನ್ನು ದೂಷಿಸುವುದು ಸುಲಭ. ಆದರೆ ೫೪ ಎಂಬುದು ಬರೆದವನಿಗೆ ಮಾತಾಗಿದ್ದಿತು, ಓದಿದವಳಿಗೆ ಬರಿಯ ಅಂಕೆಯಾಗಿದ್ದಿತು. ಕೇಳುವವರಿಗೆ ತಿಳಿಯದ ಎಚ್ಚರಿಕೆಯು ಮೌನಕ್ಕೆ ಸಮಾನವೆಂಬುದನ್ನು ಲೋಕವು ಇಷ್ಟು ಬೆಲೆಯನ್ನು ತೆತ್ತು ಕಲಿಯಬೇಕಾಯಿತು.