ಲಿನಕ್ಸ್ ಗಣಕಯಂತ್ರದಲ್ಲಿ ಆಟದ ತಂತ್ರಾಂಶ ತೆರೆಯದಿದ್ದಲ್ಲಿ ಪರಿಶೀಲಿಸಬೇಕಾದ ಅಂಶಗಳು: ಮಂಗಳೂರು ನಗರದ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು ದಿನಾಂಕ 14-10-2025ರಂದು ಮುಕ್ತಾಯಗೊಂಡಿರುತ್ತದೆ. ವಿಂಡೋಸ್ 11ಕ್ಕೆ ನಿಗದಿಪಡಿಸಲಾದ ಯಂತ್ರಾಂಶದ ಅರ್ಹತೆಯನ್ನು ಹಳೆಯ ಗಣಕಯಂತ್ರಗಳು ಪೂರೈಸುವುದಿಲ್ಲ. ಆದುದರಿಂದ ಇಂತಹ ಯಂತ್ರಗಳಲ್ಲಿ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳನ್ನು ಅಳವಡಿಸಿಕೊಳ್ಳುವುದು ಒಂದು ಮಾರ್ಗವಾಗಿರುತ್ತದೆ. ಮಂಗಳೂರಿನ ಮಟ್ಟಿಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ತಲಪಾಡಿ ಗಡಿಯಾಚೆಯ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳು ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಶಿಕ್ಷಣವು 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮತ್ತು 2017ರಿಂದ ಅದರ ಸ್ಥಾನದಲ್ಲಿರುವ ಕೈಟ್ ಸಂಸ್ಥೆಯ ಮೂಲಕ ಬಹುಕಾಲದಿಂದ ಲಿನಕ್ಸ್ ಆಧಾರದಲ್ಲಿ ನಡೆದುಬಂದಿದೆ. ಗಡಿಯ ಎರಡೂ ಕಡೆ ಬಂಧುಬಳಗ ಹೊಂದಿರುವ ಕುಟುಂಬಗಳ ಮಕ್ಕಳು ಶಾಲೆಯಲ್ಲಿ ಕಂಡ ಆಟವನ್ನು ಮನೆಯ ಯಂತ್ರದಲ್ಲಿಯೂ ತೆರೆಯಬಯಸುವುದು ಸಹಜವಾಗಿರುತ್ತದೆ.

ಆಟದ ಚಿಹ್ನೆಯ ಮೇಲೆ ಒತ್ತಿದಾಗ ಕ್ಷಣಕಾಲ ಚಕ್ರ ತಿರುಗಿ, ಯಾವುದೇ ಸೂಚನೆ ಇಲ್ಲದೆ ಪರದೆಯು ಮೊದಲಿನಂತಾಗುವುದು ಸಾಮಾನ್ಯ ದೂರಾಗಿರುತ್ತದೆ. ಇಂತಹ ಸಂದರ್ಭದಲ್ಲಿ ಅನೇಕರು ಕೈಗೊಳ್ಳುವ ಮೊದಲ ಕ್ರಮವೆಂದರೆ ಸಂಪೂರ್ಣ ವ್ಯವಸ್ಥೆಯನ್ನು ಅಳಿಸಿ ಮರುಸ್ಥಾಪಿಸುವುದು. ಈ ಕ್ರಮವು ಬಹುಪಾಲು ಅನಗತ್ಯ. ಅದೇ ಯಂತ್ರದಲ್ಲಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಹಣಿ ಮುಂತಾದ ದಾಖಲೆಗಳ ಪ್ರತಿಗಳೂ ಮನೆಯವರ ಭಾವಚಿತ್ರಗಳೂ ಇರುವುದರಿಂದ, ಒಂದು ಆಟದ ಸಲುವಾಗಿ ಅವೆಲ್ಲವೂ ನಷ್ಟವಾಗುವ ಸಂಭವವಿರುತ್ತದೆ. ಯಾವುದೇ ದುರಸ್ತಿಗೆ ಮುನ್ನ ಸದರಿ ಕಡತಗಳ ಪ್ರತಿಯನ್ನು ಪೆನ್ ಡ್ರೈವ್ ಅಥವಾ ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ ತೆಗೆದಿರಿಸಿಕೊಳ್ಳತಕ್ಕದ್ದು.

ದೋಷ ಸಂದೇಶವನ್ನು ಓದುವ ವಿಧಾನ

ಚಿಹ್ನೆಯ ಮೂಲಕ ತೆರೆದಾಗ ಕಾಣದ ಸಂದೇಶವು ಟರ್ಮಿನಲ್ ಮೂಲಕ ತೆರೆದಾಗ ಕಾಣುತ್ತದೆ. ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಟರ್ಮಿನಲ್ ಕಿಟಕಿಯನ್ನು ತೆರೆದು, ಆಟದ ಕಾರ್ಯಕ್ರಮದ ಹೆಸರನ್ನು ಆಂಗ್ಲದ ಸಣ್ಣ ಅಕ್ಷರಗಳಲ್ಲಿ ನಮೂದಿಸಿ ಎಂಟರ್ ಒತ್ತಬೇಕು. ಸ್ಟೀಮ್ ಮೂಲಕ ಪಡೆದ ಆಟವಾಗಿದ್ದಲ್ಲಿ ಮೊದಲು ಸ್ಟೀಮ್ ತಂತ್ರಾಂಶವನ್ನೇ ಈ ರೀತಿ ತೆರೆದು, ನಂತರ ಅದರೊಳಗಿಂದ ಆಟವನ್ನು ಆರಂಭಿಸಬೇಕು. ಪರದೆಯ ಮೇಲೆ ಹರಿದುಬರುವ ಹತ್ತಾರು ಸಾಲುಗಳ ಪೈಕಿ ಹೆಚ್ಚಿನವು ನಿರುಪದ್ರವಿ ಎಚ್ಚರಿಕೆಗಳಾಗಿದ್ದು, ಕಾರ್ಯಕ್ರಮವು ನಿಲ್ಲುವ ಮುನ್ನ ಬಂದ ಕೊನೆಯ ನಾಲ್ಕಾರು ಸಾಲುಗಳೇ ಮುಖ್ಯ. ಅವುಗಳ ಛಾಯಾಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳುವುದು ಒಳಿತು.

"ಪರ್ಮಿಷನ್ ಡಿನೈಡ್" ಎಂಬ ಸಂದೇಶವು ಕಡತಕ್ಕೆ ಚಾಲನಾ ಅನುಮತಿ ಇಲ್ಲವೆಂಬುದನ್ನು ತಿಳಿಸುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ಕಡತಗಳಿಗೆ ಲಿನಕ್ಸ್ ಈ ಅನುಮತಿಯನ್ನು ತಾನಾಗಿ ನೀಡುವುದಿಲ್ಲ. ಕಡತದ ಮೇಲೆ ಬಲಗುಂಡಿ ಒತ್ತಿ, ಗುಣಲಕ್ಷಣಗಳ ಪುಟದಲ್ಲಿ ಕಾರ್ಯಕ್ರಮವಾಗಿ ಚಲಾಯಿಸಲು ಅನುಮತಿಯನ್ನು ಗುರುತು ಮಾಡಿದಲ್ಲಿ ಸಾಕಾಗುತ್ತದೆ. ಆದರೆ ಅಪರಿಚಿತ ಜಾಲತಾಣದಿಂದ ಬಂದ ಕಡತಕ್ಕೆ ಇಂತಹ ಅನುಮತಿ ನೀಡುವುದು ಅಪರಿಚಿತರಿಗೆ ಮನೆಯ ಬೀಗದ ಕೈ ಒಪ್ಪಿಸಿದಂತೆ ಎಂಬುದನ್ನು ಗಮನಿಸತಕ್ಕದ್ದು.

"ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಎಂಬುದು ಬಳಕೆದಾರರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಸಂದೇಶ. ಕಡತವು ಕಣ್ಣೆದುರಿಗೇ ಇದ್ದರೂ ಅದು ಇಲ್ಲವೆಂದು ಯಂತ್ರವು ಹೇಳುತ್ತದೆ. ಹಳೆಯ ಆಟವು 32 ಬಿಟ್ ಮಾದರಿಯದಾಗಿದ್ದು, 64 ಬಿಟ್ ವ್ಯವಸ್ಥೆಯಲ್ಲಿ ಅದನ್ನು ಹೊತ್ತು ತರುವ 32 ಬಿಟ್ ಲೋಡರ್ ಇಲ್ಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಯಂತ್ರವು ಇಲ್ಲವೆಂದು ಹೇಳುತ್ತಿರುವುದು ಆಟದ ಕಡತವನ್ನಲ್ಲ, ಸದರಿ ಲೋಡರ್ ಅನ್ನು. ಉಬುಂಟು ಮತ್ತು ಮಿಂಟ್‌ಗಳಲ್ಲಿ ಐ386 ಎಂಬ ಹೆಸರಿನ 32 ಬಿಟ್ ವಿಭಾಗವನ್ನು ಸಕ್ರಿಯಗೊಳಿಸಿ, ಅಗತ್ಯ ಲೈಬ್ರರಿಗಳನ್ನು ಸ್ಥಾಪಿಸಿದಲ್ಲಿ ತೊಂದರೆ ನಿವಾರಣೆಯಾಗುತ್ತದೆ. "ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್" ಎಂದು ಬಂದಲ್ಲಿ, ಕೊರತೆಯಿರುವ ಲೈಬ್ರರಿಯ ಹೆಸರು ಅದೇ ಸಾಲಿನಲ್ಲಿ ಇರುತ್ತದೆ. ಆಪ್ ಇಮೇಜ್ ರೂಪದ ಆಟಗಳು ಉಬುಂಟು 22.04 ಮತ್ತು ನಂತರದ ಆವೃತ್ತಿಗಳಲ್ಲಿ ತೆರೆಯದಿರಲು ಫ್ಯೂಸ್ 2 ಲೈಬ್ರರಿಯು ಮೊದಲೇ ಸ್ಥಾಪಿತವಾಗಿರದಿರುವುದು ಕಾರಣವಾಗಿದ್ದು, ಅದನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ.

"ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಎಂಬುದಕ್ಕೆ ವಿವರಣೆ ಬೇಕಿಲ್ಲ. ಡಿಸ್ಕ್‌ನಲ್ಲಿ ಸ್ಥಳ ಖಾಲಿ ಮಾಡಬೇಕು.

ಮಳೆಗಾಲದ ವಿದ್ಯುತ್ ವ್ಯತ್ಯಯದಿಂದ ಉಂಟಾಗುವ ತೊಂದರೆ

ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆ ಹಾಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ಅವಧಿಯಲ್ಲಿ ಕರಾವಳಿಯಲ್ಲಿ ವಿದ್ಯುತ್ ಏಕಾಏಕಿ ಕಡಿತಗೊಳ್ಳುವುದು ಎಲ್ಲರೂ ಅರಿತ ವಿಷಯ. ಯುಪಿಎಸ್ ಇಲ್ಲದ ಮೇಜಿನ ಗಣಕಯಂತ್ರವು ಬರೆಯುತ್ತಿರುವಾಗಲೇ ಆರಿಹೋದಲ್ಲಿ ಕಡತ ವ್ಯವಸ್ಥೆಯಲ್ಲಿ ದೋಷ ಉಳಿಯಬಹುದು. ಉಬುಂಟು ಹಾಗೂ ಡೆಬಿಯನ್ ವ್ಯವಸ್ಥೆಗಳು ಇಂತಹ ದೋಷವನ್ನು ಕಂಡಾಗ, ಹಾನಿ ಹೆಚ್ಚದಿರಲೆಂದು ಡಿಸ್ಕ್ ಅನ್ನು ಓದಲು ಮಾತ್ರ ಲಭ್ಯವಾಗುವ ಸ್ಥಿತಿಗೆ ತರುತ್ತವೆ. ಆಗ ಆಟವು ತನ್ನ ದಾಖಲೆಯನ್ನು ಬರೆಯಲಾಗದೆ ಮುಚ್ಚಿಕೊಳ್ಳುತ್ತದೆ ಮತ್ತು "ರೀಡ್ ಓನ್ಲಿ ಫೈಲ್ ಸಿಸ್ಟಮ್" ಎಂಬ ಸಂದೇಶ ಬರುತ್ತದೆ.

ಇದು ಆಟದ ದೋಷವಲ್ಲ, ಡಿಸ್ಕ್‌ನ ಮುನ್ನೆಚ್ಚರಿಕೆ. ಆಟವನ್ನು ಪದೇ ಪದೇ ತೆರೆಯುವ ಪ್ರಯತ್ನವನ್ನು ಕೂಡಲೇ ನಿಲ್ಲಿಸಿ, ದಾಖಲೆಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಆ ಬಳಿಕ ಯಂತ್ರವನ್ನು ರಿಕವರಿ ವಿಧಾನದಲ್ಲಿ ಅಥವಾ ಲಿನಕ್ಸ್ ಇರುವ ಪೆನ್ ಡ್ರೈವ್ ಮೂಲಕ ಆರಂಭಿಸಿ ಎಫ್‌ಎಸ್‌ಸಿಕೆ ಪರಿಶೀಲನೆಯನ್ನು ನಡೆಸಬೇಕು. ಬಳಕೆಯಲ್ಲಿರುವ ಡಿಸ್ಕ್ ಮೇಲೆ ಈ ದುರಸ್ತಿಯನ್ನು ನಡೆಸಕೂಡದು. "ಡಿಸ್ಕ್ಸ್" ಎಂಬ ಉಪಕರಣದಲ್ಲಿ ಸ್ಮಾರ್ಟ್ ವರದಿಯು ಡಿಸ್ಕ್ ವಿಫಲವಾಗುತ್ತಿದೆ ಎಂದು ತಿಳಿಸಿದಲ್ಲಿ ಡಿಸ್ಕ್ ಅನ್ನು ಬದಲಾಯಿಸುವುದೇ ಸೂಕ್ತ.

ಬಹುಕಾಲ ಬಳಸದೆ ಇರಿಸಿದ ಯಂತ್ರಗಳಲ್ಲಿ ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಬರಿದಾಗಿ ದಿನಾಂಕವು ಹಲವು ವರ್ಷ ಹಿಂದಕ್ಕೆ ಸರಿದಿರುತ್ತದೆ. ದಿನಾಂಕ ತಪ್ಪಿದ್ದಲ್ಲಿ ಸುರಕ್ಷಿತ ಸಂಪರ್ಕ ಏರ್ಪಡದೆ, ಅಂತರ್ಜಾಲವಿದ್ದರೂ ಆಟದ ತಂತ್ರಾಂಶವು ಸಂಪರ್ಕವಿಲ್ಲವೆಂದು ಹೇಳುತ್ತದೆ. ಇದಕ್ಕೆ ಅಲ್ಪ ಬೆಲೆಯ ಬ್ಯಾಟರಿ ಬದಲಾವಣೆ ಸಾಕು.

ಗ್ರಾಫಿಕ್ಸ್ ಚಾಲಕ ತಂತ್ರಾಂಶ

ಪರದೆ ಕಪ್ಪಾಗಿ ಆಟ ಮುಚ್ಚಿಕೊಳ್ಳುವ ಪ್ರಕರಣಗಳಲ್ಲಿ ಮೊದಲು ಪರಿಶೀಲಿಸಬೇಕಾದುದು ಗ್ರಾಫಿಕ್ಸ್ ಡ್ರೈವರ್. ವ್ಯವಸ್ಥೆಯ ಸೆಟ್ಟಿಂಗ್ಸ್‌ನಲ್ಲಿ "ಅಬೌಟ್" ಪುಟವನ್ನು ತೆರೆದಾಗ ಗ್ರಾಫಿಕ್ಸ್ ಎಂಬಲ್ಲಿ "ಎಲ್‌ಎಲ್‌ವಿಎಂಪೈಪ್" ಎಂದು ಕಂಡುಬಂದಲ್ಲಿ, ಗ್ರಾಫಿಕ್ಸ್ ಚಿಪ್ ನಿಷ್ಕ್ರಿಯವಾಗಿದ್ದು ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಮಾಡುತ್ತಿದೆ ಎಂದು ತಿಳಿಯಬೇಕು. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳ ಡ್ರೈವರ್‌ಗಳು ಲಿನಕ್ಸ್‌ನೊಂದಿಗೇ ಬರುವುದರಿಂದ ವ್ಯವಸ್ಥೆಯನ್ನು ನವೀಕರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎನ್‌ವಿಡಿಯಾ ಚಿಪ್ ಇದ್ದಲ್ಲಿ ಉಬುಂಟುವಿನ "ಅಡಿಷನಲ್ ಡ್ರೈವರ್ಸ್" ಅಥವಾ ಮಿಂಟ್‌ನ "ಡ್ರೈವರ್ ಮ್ಯಾನೇಜರ್" ಮೂಲಕ ಶಿಫಾರಸು ಮಾಡಲಾದ ಆವೃತ್ತಿಯನ್ನು ಸ್ಥಾಪಿಸಬೇಕು.

ಇಲ್ಲಿ ಒಂದು ಹಂತವನ್ನು ಬಹಳಷ್ಟು ಮಂದಿ ತಪ್ಪಿಸಿಕೊಳ್ಳುತ್ತಾರೆ. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿರುವ ಯಂತ್ರದಲ್ಲಿ ಎನ್‌ವಿಡಿಯಾ ಡ್ರೈವರ್ ಸ್ಥಾಪಿಸುವಾಗ ಒಂದು ಗುಪ್ತಪದವನ್ನು ಕೇಳಲಾಗುತ್ತದೆ. ಯಂತ್ರವು ಮರು ಆರಂಭವಾದಾಗ ನೀಲಿ ಬಣ್ಣದ ಪರದೆ ಕಾಣಿಸಿಕೊಂಡು, ಕೆಲವೇ ಸೆಕೆಂಡುಗಳು ಕಾಯುತ್ತದೆ. ಆ ಪರದೆಯಲ್ಲಿ "ಎನ್‌ರೋಲ್ ಎಂಒಕೆ" ಎಂಬುದನ್ನು ಆಯ್ದು ಅದೇ ಗುಪ್ತಪದವನ್ನು ನಮೂದಿಸಬೇಕು. ಗಾಬರಿಯಿಂದ "ಕಂಟಿನ್ಯೂ ಬೂಟ್" ಒತ್ತಿದಲ್ಲಿ, ಡ್ರೈವರ್ ಸ್ಥಾಪಿತವಾಗಿರುವಂತೆ ತೋರಿದರೂ ಕಾರ್ಯನಿರ್ವಹಿಸುವುದಿಲ್ಲ. ನೆನ್ನೆಯವರೆಗೆ ತೆರೆಯುತ್ತಿದ್ದ ಆಟವು ವ್ಯವಸ್ಥೆಯ ನವೀಕರಣದ ನಂತರ ತೆರೆಯದಿದ್ದಲ್ಲಿ, ಯಂತ್ರದ ಆರಂಭದಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ಮೂಲಕ ಹಿಂದಿನ ಕರ್ನೆಲ್ ಆಯ್ಕೆ ಮಾಡಿ ನೋಡಬಹುದು.

ಕಂಪನಿಗಳು ಬಳಸಿ ಮಾರಾಟ ಮಾಡಿದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಖರೀದಿಸಿದವರು ಮುಂದಿನ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ವಿಂಡೋಸ್‌ಗಾಗಿ ರಚಿತವಾದ ಆಟಗಳು ಲಿನಕ್ಸ್‌ನಲ್ಲಿ ತೆರೆಯುವುದು 1993ರಲ್ಲಿ ಆರಂಭವಾದ ವೈನ್ ಯೋಜನೆ ಹಾಗೂ ಅದರ ಆಧಾರದ ಮೇಲೆ ವಾಲ್ವ್ ಸಂಸ್ಥೆಯು ಆಗಸ್ಟ್ 2018ರಲ್ಲಿ ಬಿಡುಗಡೆ ಮಾಡಿದ ಪ್ರೋಟಾನ್ ಎಂಬ ತಂತ್ರಾಂಶದ ಮೂಲಕ. ಪ್ರೋಟಾನ್‌ನ ಒಳಗಿರುವ ಡಿಎಕ್ಸ್‌ವಿಕೆ ಎಂಬ ಭಾಗವು ನವೆಂಬರ್ 2022ರ 2.0 ಆವೃತ್ತಿಯಿಂದ ವಲ್ಕನ್ 1.3 ಸೌಲಭ್ಯವನ್ನು ಕಡ್ಡಾಯವಾಗಿ ಅಪೇಕ್ಷಿಸುತ್ತದೆ. 2013ರ ನಾಲ್ಕನೇ ಪೀಳಿಗೆಯ ಇಂಟೆಲ್ ಚಿಪ್‌ಗಳಲ್ಲಿ ಈ ಸೌಲಭ್ಯವು ಪೂರ್ಣವಾಗಿ ಇರುವುದಿಲ್ಲ. ಆದುದರಿಂದ ಎಷ್ಟು ಬಾರಿ ಮರುಸ್ಥಾಪಿಸಿದರೂ ಆಟ ತೆರೆಯುವುದಿಲ್ಲ. ಆಟದ ಗುಣಲಕ್ಷಣಗಳಲ್ಲಿ "ಕಂಪ್ಯಾಟಿಬಿಲಿಟಿ" ಪುಟಕ್ಕೆ ಹೋಗಿ ಹಳೆಯ ಪ್ರೋಟಾನ್ ಆವೃತ್ತಿಯನ್ನು ಆಯ್ದರೆ, ಅಥವಾ ವಲ್ಕನ್ ಬದಲು ಓಪನ್ ಜಿಎಲ್ ಬಳಸುವ ವೈನ್‌ಡಿ3ಡಿ ಆಯ್ಕೆಯನ್ನು ನೀಡಿದರೆ ಕೆಲವು ಹಳೆಯ ಆಟಗಳು ತೆರೆಯಬಹುದು. ಲ್ಯಾಪ್‌ಟಾಪ್ ಖರೀದಿಗೆ ಮುನ್ನವೇ ಪ್ರೊಸೆಸರ್‌ನ ಪೀಳಿಗೆಯನ್ನು ವಿಚಾರಿಸುವುದು ಇದಕ್ಕಿಂತ ಸುಲಭದ ಮಾರ್ಗ.

ಇದಕ್ಕೆ ವ್ಯತಿರಿಕ್ತವಾದ ಸ್ಥಿತಿಯೂ ಉಂಟು. ಹತ್ತು ವರ್ಷಗಳ ಹಿಂದೆ ಲಿನಕ್ಸ್‌ಗೆಂದೇ ಬಿಡುಗಡೆಯಾದ ಕೆಲವು ಆಟಗಳು ಈಗಿನ ಲೈಬ್ರರಿಗಳೊಂದಿಗೆ ಹೊಂದಿಕೊಳ್ಳುವುದಿಲ್ಲ. ಅವುಗಳ ವಿಂಡೋಸ್ ಆವೃತ್ತಿಯು ಪ್ರೋಟಾನ್ ಮೂಲಕ ಸರಾಗವಾಗಿ ತೆರೆಯುತ್ತದೆ. ಮೇಲ್ಕಂಡ ಪುಟದಲ್ಲಿಯೇ ಈ ಬದಲಾವಣೆ ಮಾಡಬಹುದು.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಲ್ಲಿ

ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಭಾಗದಲ್ಲಿರುವ ಆಟವನ್ನೇ ಲಿನಕ್ಸ್‌ನಿಂದ ತೆರೆಯಲು ಪ್ರಯತ್ನಿಸುವುದು ಸೂಕ್ತವಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಆ ವಿಭಾಗವು ಪೂರ್ಣವಾಗಿ ಮುಚ್ಚಿರುವುದಿಲ್ಲವಾದ್ದರಿಂದ ಲಿನಕ್ಸ್‌ನಲ್ಲಿ ಬರೆಯಲು ಅವಕಾಶ ದೊರೆಯದೆ ಹೋಗಬಹುದು. ಪ್ರೋಟಾನ್ ರಚಿಸುವ ಕೆಲವು ಕಡತಗಳ ಹೆಸರುಗಳಲ್ಲಿ ವಿಂಡೋಸ್ ಒಪ್ಪದ ಚಿಹ್ನೆಗಳೂ ಇರುತ್ತವೆ. ಆಟವನ್ನು ಲಿನಕ್ಸ್ ವಿಭಾಗಕ್ಕೆ ಸ್ಥಳಾಂತರಿಸುವುದೇ ಶಾಶ್ವತ ಪರಿಹಾರ.

ಯಾವ ಕ್ರಮದಿಂದಲೂ ತೆರೆಯದ ಆಟಗಳು

ಮೋಸದಾಟ ತಡೆಯುವ ತಂತ್ರಾಂಶವನ್ನು ಹೊಂದಿರುವ ಕೆಲವು ಆಟಗಳನ್ನು ಅವುಗಳ ತಯಾರಕರೇ ಲಿನಕ್ಸ್‌ಗೆ ನಿರಾಕರಿಸಿರುತ್ತಾರೆ. ವ್ಯಾಲೊರೆಂಟ್, ಫೋರ್ಟ್‌ನೈಟ್ ಮತ್ತು ಡೆಸ್ಟಿನಿ 2 ಈ ಗುಂಪಿಗೆ ಸೇರಿವೆ. ಅಪೆಕ್ಸ್ ಲೆಜೆಂಡ್ಸ್ ಮೊದಲು ಲಿನಕ್ಸ್‌ನಲ್ಲಿ ತೆರೆಯುತ್ತಿದ್ದು, ಅಕ್ಟೋಬರ್ 2024ರ ಕೊನೆಯಲ್ಲಿ ಆ ಅವಕಾಶವನ್ನು ಹಿಂಪಡೆಯಲಾಯಿತು. ಇಂತಹ ಆಟಗಳಿಗಾಗಿ ಡ್ರೈವರ್ ಬದಲಾಯಿಸುವುದು, ವ್ಯವಸ್ಥೆ ಮರುಸ್ಥಾಪಿಸುವುದು ಅಥವಾ ದುರಸ್ತಿಗೆ ಹಣ ವ್ಯಯಿಸುವುದು ನಿಷ್ಪ್ರಯೋಜಕ. ತಡೆಯನ್ನು ದಾಟಿಸುವುದಾಗಿ ಹೇಳುವ ಕಡತಗಳನ್ನು ಬಳಸಿದಲ್ಲಿ ಆಟದ ಖಾತೆಯೇ ರದ್ದಾಗುವ ಸಂಭವವಿದೆ. ಕೌಂಟರ್ ಸ್ಟ್ರೈಕ್ 2 ಮತ್ತು ಡೋಟಾ 2 ಆಟಗಳು ಲಿನಕ್ಸ್‌ಗೆಂದೇ ತಯಾರಾದ ಆವೃತ್ತಿ ಹೊಂದಿವೆ. ಖರೀದಿಗೆ ಮುನ್ನ, ಬಳಕೆದಾರರೇ ಅನುಭವ ದಾಖಲಿಸುವ ಪ್ರೋಟಾನ್ ಡಿಬಿ ಜಾಲತಾಣದಲ್ಲಿ ಆಟದ ಹೆಸರನ್ನು ಹುಡುಕಿ ನೋಡತಕ್ಕದ್ದು.

ಹಣವನ್ನು ಪಣವಿಡುವ ಆನ್‌ಲೈನ್ ಆಟಗಳ ವಿಷಯ ಬೇರೆ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025ರ ಅನ್ವಯ ಅವುಗಳನ್ನು ನಿಷೇಧಿಸಲಾಗಿದ್ದು, ಅವು ತೆರೆಯದಿರುವುದು ಗಣಕಯಂತ್ರದ ದೋಷವಲ್ಲ.

ಮಕ್ಕಳ ಕಲಿಕಾ ಆಟಗಳು

2000ನೇ ಇಸವಿಯಲ್ಲಿ ಆರಂಭವಾದ ಜಿಕಾಂಪ್ರಿಸ್, ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಮುಂತಾದವು ಉಚಿತವಾಗಿದ್ದು, ವ್ಯವಸ್ಥೆಯದೇ ಆದ ತಂತ್ರಾಂಶ ಕೇಂದ್ರದಿಂದ ಪಡೆಯಬಹುದು. ಜಿಕಾಂಪ್ರಿಸ್ ಹಿಂದೆ ಸರಳ ಗ್ರಾಫಿಕ್ಸ್‌ನಲ್ಲಿ ನಡೆಯುತ್ತಿದ್ದು, ನಂತರ ಹೊಸದಾಗಿ ರಚನೆಗೊಂಡ ಆವೃತ್ತಿಯು ಓಪನ್ ಜಿಎಲ್ ಬಳಸುತ್ತದೆ. ಶಾಲೆಯಲ್ಲಿ ತೆರೆಯುವ ಆಟವು ಮನೆಯ ಹಳೆಯ ಯಂತ್ರದಲ್ಲಿ ಬಿಳಿ ಅಥವಾ ಕಪ್ಪು ಪರದೆ ತೋರಿಸಿ ನಿಲ್ಲಲು ಇದು ಒಂದು ಕಾರಣ. ಇದರಲ್ಲಿ ಸಾಫ್ಟ್‌ವೇರ್ ರೆಂಡರರ್ ಎಂಬ ಆಯ್ಕೆ ಇದ್ದು, ಅದನ್ನು ಬಳಸಿದಾಗ ಆಟ ಸ್ವಲ್ಪ ನಿಧಾನವಾದರೂ ತೆರೆಯುತ್ತದೆ. ಮಗುವಿನ ಮನೆಪಾಠಕ್ಕೆ ಅಷ್ಟು ವೇಗ ಸಾಕು.

ಹಣ ಮರುಪಾವತಿ ಹಾಗೂ ವಂಚನೆಯ ಬಗ್ಗೆ ಎಚ್ಚರಿಕೆ

ಸ್ಟೀಮ್‌ನಲ್ಲಿ ಖರೀದಿಸಿದ ಆಟವು ತೆರೆಯದಿದ್ದಲ್ಲಿ, ಖರೀದಿಸಿದ 14 ದಿನಗಳೊಳಗೆ ಹಾಗೂ ಆಡಿದ ಅವಧಿಯು 2 ಗಂಟೆ ಮೀರದಿದ್ದಲ್ಲಿ ಮರುಪಾವತಿ ಕೋರಬಹುದು. ದೋಷ ಹುಡುಕುವ ಸಲುವಾಗಿ ಆಟವನ್ನು ತೆರೆದಿಟ್ಟ ಸಮಯವೂ ಈ 2 ಗಂಟೆಯಲ್ಲಿ ಸೇರಬಹುದಾದ್ದರಿಂದ ವಿಳಂಬ ಮಾಡದಿರುವುದು ಒಳಿತು. ಗಣಕಯಂತ್ರದ ಮಾರಾಟ ಅಥವಾ ದುರಸ್ತಿ ಸೇವೆಯಲ್ಲಿ ಕೊರತೆ ಕಂಡುಬಂದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ರಸೀದಿಯನ್ನು ಕಡ್ಡಾಯವಾಗಿ ಪಡೆದಿರಿಸಿಕೊಳ್ಳತಕ್ಕದ್ದು.

ಅಂತರ್ಜಾಲದಲ್ಲಿ ಸಹಾಯವಾಣಿ ಸಂಖ್ಯೆ ಹುಡುಕಿ ಕರೆ ಮಾಡಿದಾಗ, ದೂರದಿಂದಲೇ ಯಂತ್ರವನ್ನು ಸರಿಪಡಿಸುವುದಾಗಿ ನಂಬಿಸಿ ಪರದೆ ಹಂಚಿಕೊಳ್ಳುವ ತಂತ್ರಾಂಶವನ್ನು ಹಾಕಿಸಿಕೊಂಡು, ಬ್ಯಾಂಕ್ ಖಾತೆಯ ವಿವರ ಪಡೆಯುವವರಿದ್ದಾರೆ. ಆಟ ತೆರೆಯಲು ಒಟಿಪಿ ಅಥವಾ ಎಟಿಎಂ ಕಾರ್ಡ್ ಸಂಖ್ಯೆಯ ಅಗತ್ಯ ಎಂದಿಗೂ ಇರುವುದಿಲ್ಲ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು.

ದುರಸ್ತಿ ಅಂಗಡಿಗೆ ಒಯ್ಯುವಾಗ

ಯಂತ್ರವನ್ನು ಅಂಗಡಿಗೆ ನೀಡುವ ಸಂದರ್ಭದಲ್ಲಿ ದೋಷ ಸಂದೇಶದ ಛಾಯಾಚಿತ್ರ, ಲಿನಕ್ಸ್‌ನ ಹೆಸರು ಮತ್ತು ಆವೃತ್ತಿ, ಗ್ರಾಫಿಕ್ಸ್ ಚಿಪ್‌ನ ವಿವರ, ಆಟವು ಕೊನೆಯ ಬಾರಿ ತೆರೆದ ದಿನ ಮತ್ತು ಆ ಬಳಿಕ ಆದ ಬದಲಾವಣೆಗಳನ್ನು ಬರೆದು ನೀಡಬೇಕು. ಮಾಲೀಕರ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಕೂಡದು ಎಂಬ ವಾಕ್ಯವನ್ನು ಅಂಗಡಿಯ ರಸೀದಿಯ ಮೇಲೆಯೇ ಬರೆಸಿಕೊಳ್ಳತಕ್ಕದ್ದು.