ಕರೆಂಟಿಗಿಂತ ಹಳೆಯ ಮೀನಿನ ತೊಟ್ಟಿ

ಅಕ್ವೇರಿಯಂ ಅಂದ ತಕ್ಷಣ ಕಣ್ಣ ಮುಂದೆ ಬರೋದು ಗಾಜಿನ ಪೆಟ್ಟಿಗೆ, ಗುಳುಗುಳು ಅನ್ನೋ ಏರ್ ಪಂಪು, ಒಂದು ಫಿಲ್ಟರು. ಕರೆಂಟು ಹೋದರೆ ಮೀನಿನ ಕಥೆ ಮುಗೀತು ಅಂತ ಭಯ. ಹಬ್ಬಕ್ಕೆ ಹತ್ತು ದಿನ ಊರಿಗೆ ಹೋಗಬೇಕಾದರೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಡಬೇಕು. ಆದರೆ ಮನೆಯಲ್ಲಿ ಗಿಡದ ಜೊತೆ ಮೀನು ಸಾಕುವ ತೊಟ್ಟಿ, ಮನೆಗೆ ಕರೆಂಟು ಬರುವುದಕ್ಕಿಂತ ಮೊದಲೇ ಬಂದಿತ್ತು. ಹಾಗಾದರೆ ಆಗ ನೀರು ಶುದ್ಧ ಮಾಡುತ್ತಿದ್ದವರು ಯಾರು? ಇದಕ್ಕೆ ಪೂರ್ತಿ ಉತ್ತರ ಸಿಗಲು ಸುಮಾರು ನೂರೈವತ್ತು ವರ್ಷ ಹಿಡಿಯಿತು.

ಕಥೆಗೆ ಪೀಠಿಕೆ ಹಾಕಿದ್ದು ಪುದೀನ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯೊಳಗೆ ಪುದೀನ ಗಿಡ ಇಟ್ಟರು. ಕೆಲವು ದಿನಗಳ ನಂತರ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್ ಇದಕ್ಕೆ ಎರಡು ಮಾತು ಸೇರಿಸಿದರು. ಗಿಡ ಈ ಕೆಲಸ ಮಾಡೋದು ಬೆಳಕಿದ್ದಾಗ ಮಾತ್ರ. ಕತ್ತಲಲ್ಲಿ ಅದೂ ಗಾಳಿ ಕೆಡಿಸುತ್ತದೆ. ಈ ಎರಡನೇ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸುಮಾರು 55 ಲೀಟರ್ ಹಿಡಿಯುವ ಪಾತ್ರೆಗೆ ಮರಳು, ಕೆಸರು, ನೀರು ಹಾಕಿದರು. ಅದರಲ್ಲಿ ಎರಡು ಚಿಕ್ಕ ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯಾ ಅನ್ನೋ ನೀರುಗಿಡ. ಇದರ ಜಾತಿಯವು ನಮ್ಮ ಕೆರೆಗಳಲ್ಲೂ ಬೆಳೆಯುತ್ತವೆ. ಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಹಳೇ ಎಲೆ ಕೊಳೆತು ನೀರು ಕದಡಿತು, ಗಾಜಿನ ಮೇಲೆ ಪಾಚಿ ಕಟ್ಟಿತು. ಅವರು ನೀರು ಬದಲಾಯಿಸಲಿಲ್ಲ. ಕೊಳದಲ್ಲಿ ಕೊಳೆತದ್ದನ್ನು ತಿನ್ನುವವರು ಯಾರು ಅಂತ ಯೋಚಿಸಿ, ಐದಾರು ಬಸವನಹುಳು ತಂದು ಬಿಟ್ಟರು. ನೀರು ತಿಳಿಯಾಯಿತು. ಬಸವನಹುಳುವಿನ ಮೊಟ್ಟೆ, ಮರಿ ಮೀನಿಗೆ ಊಟವಾಯಿತು. ನನ್ನ ಪ್ರಕಾರ ಇಡೀ ಕಥೆಯ ನಾಯಕ ಈ ಬಸವನಹುಳುವೇ.

ಇಂಗ್ಲೆಂಡಿನಲ್ಲಿ 1845ರಲ್ಲೇ ಗಾಜಿನ ಮೇಲಿನ ತೆರಿಗೆ ರದ್ದಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಮನೆಮನೆಯಲ್ಲೂ ತೊಟ್ಟಿಯ ಗೀಳು. ಕೆಲವೇ ವರ್ಷಗಳಲ್ಲಿ ಗೀಳು ಇಳಿಯಿತು. ಯಾಕಂದ್ರೆ ಗಿಡ ಇದ್ದರೆ ಸಾಕು ಅನ್ನೋದು ಅರ್ಧ ಸತ್ಯ.

ಉಳಿದರ್ಧ ನಿಧಾನವಾಗಿ ಬಂತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೇಟ್ ಆಗಿ ಬದಲಾಯಿಸೋದು ಜೀವಾಣುಗಳು ಅಂತ 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ತೋರಿಸಿದರು. ಇವತ್ತಿನ ಫಿಲ್ಟರಿನ ಸ್ಪಂಜು ಮುಖ್ಯವಾಗಿ ಈ ಜೀವಾಣುಗಳ ವಸತಿಗೃಹ, ಅಷ್ಟೇ. ಮಣ್ಣು, ಮರಳು, ಬೇರಿನ ಮೇಲೂ ಅವು ಬಾಡಿಗೆ ಇಲ್ಲದೆ ಇರುತ್ತವೆ. 1949ರಲ್ಲಿ ಅಮೆರಿಕದ ಜೇಮ್ಸ್ ಆಟ್ಜ್, ಗಿಡ-ಮೀನಿನ ‘ಸಮತೋಲನ’ ಬರೀ ಭ್ರಮೆ, ಗಾಳಿ ಹೆಚ್ಚಾಗಿ ಒಳಹೊರಗೆ ಓಡಾಡೋದು ನೀರಿನ ಮೇಲ್ಮೈಯಿಂದ ಅಂತ ವಾದಿಸಿದರು. ಕೊನೆಗೆ 1999ರಲ್ಲಿ ಡಯಾನಾ ವಾಲ್‌ಸ್ಟಡ್ ತಮ್ಮ ಪುಸ್ತಕದಲ್ಲಿ, ಅನೇಕ ನೀರುಗಿಡಗಳು ನೈಟ್ರೇಟ್‌ಗಿಂತ ಮೊದಲು ಅಮೋನಿಯಂ ಅನ್ನೇ ಹೀರುತ್ತವೆ ಅಂತ ವಿವರಿಸಿದರು. ಅಂದ್ರೆ ಗಿಡವೇ ಫಿಲ್ಟರು.

ಈಗ ನಮ್ಮ ಬಾಲ್ಕನಿಗೆ ಬರೋಣ. ನನ್ನ ತೊಟ್ಟಿಯ ಪ್ರತಿಯೊಂದು ನಿಯಮವೂ ಈ ಇತಿಹಾಸದಿಂದಲೇ ಬಂದದ್ದು. ಬಾಯಿ ಅಗಲ ಇರೋ ನೂರು ಲೀಟರಿನ ಟಬ್, ಯಾಕಂದ್ರೆ ರಾತ್ರಿ ಗಿಡವೂ ಆಮ್ಲಜನಕ ಕೇಳುತ್ತದೆ. ತಳದಲ್ಲಿ ಗೊಬ್ಬರ ಬೆರೆಸದ ಮಣ್ಣು ಎರಡು ಬೆರಳು, ಅದರ ಮೇಲೆ ತೊಳೆದ ಮರಳು. ಒಂದು ದಿನ ಬಕೆಟ್‌ನಲ್ಲಿ ಬಿಟ್ಟು ಕ್ಲೋರಿನ್ ಕಳೆದ ನೀರು. ಮೊದಲ ದಿನವೇ ಒತ್ತಾಗಿ ಗಿಡ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳು. ಇಲ್ಲದಿದ್ದರೆ ನೀರು ಬಿಸಿಯಾಗಿ ಆಮ್ಲಜನಕ ಕಡಿಮೆಯಾಗುತ್ತದೆ. ಮೂರು ವಾರ ಕಾದು, ಬಸವನಹುಳು ಮತ್ತು ಐದಾರು ಚಿಕ್ಕ ಮೀನು. ಕಡಿಮೆ ಊಟ. ಆವಿಯಾದಷ್ಟು ನೀರು ತುಂಬೋದು. ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮೀನು ಜಾಸ್ತಿಯಾಗಿವೆ ಅಥವಾ ಏನೋ ಕೊಳೆತಿದೆ ಅಂತ ಅರ್ಥ.

ಇನ್ನು ಸೊಳ್ಳೆ. ಡೆಂಗಿ ಕಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯವರು ‘ನಿಂತ ನೀರು, ತೆಗೆದುಬಿಡಿ ಸಾರ್’ ಅಂದರು. ಅವರ ಭಯ ನ್ಯಾಯವಾದದ್ದೇ. ನಾನು ಟಾರ್ಚ್ ಹಿಡಿದು ತೋರಿಸಿದೆ: ತೊಟ್ಟಿಯಲ್ಲಿ ಸೊಳ್ಳೆಮರಿ ಇರಲಿಲ್ಲ, ಇದ್ದದ್ದು ಮಹಡಿಯ ಹೂಕುಂಡಗಳ ಕೆಳಗಿನ ತಟ್ಟೆಗಳಲ್ಲಿ. ಇದು ನಮ್ಮ ನಾಡಿಗೆ ಹೊಸದಲ್ಲ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಯೋಕೆ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟಿದ್ದರು. ಆದರೆ ಒಂದು ಮಾತು. ಗಪ್ಪಿ ದಕ್ಷಿಣ ಅಮೆರಿಕದ್ದು, ಬಹಳ ಬೇಗ ಮರಿ ಹಾಕುತ್ತದೆ. ಹೆಚ್ಚಾದರೆ ಬೇರೆಯವರ ತೊಟ್ಟಿಗೆ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ನಮ್ಮ ದೇಶದ್ದೇ ಆದ ಜೀಬ್ರಾ ಡ್ಯಾನಿಯೊ ಇನ್ನೂ ಒಳ್ಳೇದು.

ಅಕ್ವೇರಿಯಂ ಅಂಗಡಿಗೆ ಹೋದರೆ ಮೊದಲು ಯಂತ್ರ ತೋರಿಸುತ್ತಾರೆ. ಹತ್ತಾರು ಮೀನು ಬೇಕು ಅಂದ್ರೆ ಯಂತ್ರ ಬೇಕೇ ಬೇಕು. ಐದೇ ಮೀನು ಸಾಕು ಅನ್ನೋರಿಗೆ ಒಂದು ಗಿಡದ ಕಟ್ಟು, ನಾಲ್ಕು ಬಸವನಹುಳು, ಮೂರು ವಾರದ ತಾಳ್ಮೆ ಸಾಕು.