ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ ಮತ್ತು ಶಿಕ್ಷಣ ಸಹಕಾರ

ಭಾರತ ಮತ್ತು ಆಸ್ಟ್ರೇಲಿಯಾ 2022ರ ಏಪ್ರಿಲ್ 2ರಂದು ಸಹಿ ಹಾಕಿದ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದ ಅದೇ ವರ್ಷದ ಡಿಸೆಂಬರ್ 29ರಂದು ಜಾರಿಗೆ ಬಂತು. ಸರಕುಗಳ ಸುಂಕ ಇಳಿಸುವುದು ಇದರ ಮುಖ್ಯ ಉದ್ದೇಶ. ಶಿಕ್ಷಣದ ಮೇಲೆ ಇದರ ಪ್ರಭಾವ ಮುಖ್ಯವಾಗಿ ವೀಸಾದ ಮೂಲಕ ಆದದ್ದು.

ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ವ್ಯಾಪಾರ ಒಪ್ಪಂದ (1995) ಶಿಕ್ಷಣವನ್ನೂ ಸೇವೆಗಳ ಸಾಲಿಗೆ ಸೇರಿಸಿದೆ. ಆ ಲೆಕ್ಕದಲ್ಲಿ ವಿದೇಶಿ ವಿದ್ಯಾರ್ಥಿ ಕಟ್ಟುವ ಶುಲ್ಕ ಓದಿಸುವ ದೇಶಕ್ಕೆ ರಫ್ತಿನ ಆದಾಯ. ಆಸ್ಟ್ರೇಲಿಯಾಕ್ಕೆ ಇದು ದೊಡ್ಡ ಆದಾಯ. ಅಲ್ಲಿಗೆ ಓದಲು ಬರುವವರಲ್ಲಿ ಚೀನಾದವರನ್ನು ಬಿಟ್ಟರೆ ಭಾರತೀಯರೇ ಹೆಚ್ಚು. ಹಾಗಾಗಿ ಓದು ಮುಗಿಸಿದ ಭಾರತೀಯರು ಅಲ್ಲೇ ಎಷ್ಟು ಕಾಲ ದುಡಿಯಬಹುದು ಎಂಬುದೂ ಮಾತುಕತೆಯ ವಿಷಯವಾಯಿತು. ಆ ಅವಧಿಯ ಬಗ್ಗೆ ಆಸ್ಟ್ರೇಲಿಯಾ ಒಪ್ಪಂದದ ಜೊತೆ ಲಿಖಿತ ಭರವಸೆ ಕೊಟ್ಟಿತು.

ಈ ಭರವಸೆಯ ಬೆಲೆ ತಿಳಿದದ್ದು 2024ರ ಜುಲೈನಲ್ಲಿ. ಆಗ ಆಸ್ಟ್ರೇಲಿಯಾ, ಓದು ಮುಗಿಸಿದವರು ಅಲ್ಲೇ ದುಡಿಯಲು ಪಡೆಯುವ ಪದವೀಧರ ವೀಸಾದ ಅವಧಿಯನ್ನು ಕಡಿತಗೊಳಿಸಿತು. ಆದರೂ ಭಾರತೀಯ ಪಿಎಚ್‌.ಡಿ. ಪದವೀಧರರಿಗೆ ನಾಲ್ಕು ವರ್ಷ, ಸ್ನಾತಕೋತ್ತರ ಪದವೀಧರರಿಗೆ ಮೂರು ವರ್ಷದವರೆಗಿನ ಅವಕಾಶ ಉಳಿಯಿತು. ಸರ್ಕಾರ ತನ್ನ ನೀತಿಯನ್ನು ಬೇಕೆಂದಾಗ ಬದಲಿಸಬಹುದು. ಇನ್ನೊಂದು ದೇಶಕ್ಕೆ ಲಿಖಿತವಾಗಿ ಕೊಟ್ಟ ಮಾತನ್ನು ಮುರಿಯುವುದು ಅಷ್ಟು ಸುಲಭವಲ್ಲ. ಸಾಲ ಮಾಡಿ ಮಕ್ಕಳನ್ನು ಕಳಿಸುವ ಕುಟುಂಬಗಳಿಗೆ ಇದು ನಿಜವಾದ ಆಸರೆ.

ಆಸರೆಗೆ ಮಿತಿಯೂ ಇದೆ. ಅದೇ ತಿಂಗಳು ವಿದ್ಯಾರ್ಥಿ ವೀಸಾ ಶುಲ್ಕ 710ರಿಂದ 1,600 ಆಸ್ಟ್ರೇಲಿಯನ್ ಡಾಲರ್‌ಗೆ ಏರಿತು. ಅದನ್ನು ತಡೆಯುವ ಮಾತು ಒಪ್ಪಂದದಲ್ಲಿರಲಿಲ್ಲ. ಪದವೀಧರ ವೀಸಾಕ್ಕೆ ಹಾಕಿದ 35 ವರ್ಷದ ವಯೋಮಿತಿಯಿಂದಲೂ ಭಾರತೀಯರಿಗೆ ವಿನಾಯಿತಿ ಸಿಗಲಿಲ್ಲ.

ಪದವಿಗಳ ಪರಸ್ಪರ ಮಾನ್ಯತೆಗೆ ಪ್ರತ್ಯೇಕ ವ್ಯವಸ್ಥೆ ಬೇಕಾಯಿತು. 2023ರ ಮಾರ್ಚ್ 2ರಂದು ಎರಡೂ ದೇಶಗಳ ಶಿಕ್ಷಣ ಸಚಿವರಾದ ಧರ್ಮೇಂದ್ರ ಪ್ರಧಾನ್ ಮತ್ತು ಜೇಸನ್ ಕ್ಲೇರ್ ಅದಕ್ಕೆ ಸಹಿ ಹಾಕಿದರು. ಇಲ್ಲಿ ಪಡೆದ ಪದವಿಯ ಮೇಲೆ ಅಲ್ಲಿ ಮುಂದಿನ ಓದಿಗೆ ಸೇರಲು ಇದರಿಂದ ದಾರಿ ಸುಗಮವಾಯಿತು. ವೈದ್ಯಕೀಯ, ಎಂಜಿನಿಯರಿಂಗ್ ಮತ್ತು ಕಾನೂನು ವೃತ್ತಿಗಳ ನೋಂದಣಿಯನ್ನು ಮಾತ್ರ ಈ ವ್ಯವಸ್ಥೆಯಿಂದ ಹೊರಗಿಡಲಾಯಿತು. ಎಂಜಿನಿಯರಿಂಗ್ ಕಾಲೇಜುಗಳೇ ತುಂಬಿರುವ ಕರ್ನಾಟಕದಂಥ ರಾಜ್ಯಕ್ಕೆ ಇದು ಸಣ್ಣ ಕೊರತೆಯಲ್ಲ.

ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ಡೀಕಿನ್ ಮತ್ತು ವೊಲೊಂಗಾಂಗ್ ವಿಶ್ವವಿದ್ಯಾಲಯಗಳು ತೆರೆದ ಕ್ಯಾಂಪಸ್‌ಗಳನ್ನು ವ್ಯಾಪಾರ ಒಪ್ಪಂದದ ಫಲವೆಂದು ಹೇಳುವುದು ಸರಿಯಲ್ಲ. ಅವುಗಳಿಗೆ ಅನುಮತಿ ಸಿಕ್ಕಿದ್ದು ಭಾರತದ ಅಂತರರಾಷ್ಟ್ರೀಯ ಹಣಕಾಸು ಸೇವಾ ಕೇಂದ್ರಗಳ ಪ್ರಾಧಿಕಾರ 2022ರಲ್ಲಿ ರೂಪಿಸಿದ ನಿಯಮಗಳಡಿ.